ನಡುವಿನ ಜಾಗ ನಿನ್ನದು

ಅಂಗಡಿಯ ಮಹಡಿ,
ಮಾರ್ಚ್ ೧೧, ಮಂಗಳವಾರ

ಮುದ್ದಿನ ಅಕ್ಕಾ,

ಹಲ್ಲುನೋವು ಕಡಿಮೆಯಾಯಿತೇ? ಕೀಳಿಸಿಬಿಡು ಎಂದರೆ ಕೇಳುವವಳಲ್ಲ ನೀನು. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ನಾನೂ ಚೆನ್ನಾಗಿದ್ದೇನೆ, ಯಾರಾದರೂ ಕೇಳಿದರೆ ಹೇಳು. ಫೋನಿನಲ್ಲಿ ಮಾತಾಡೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೇ ಈ ಕಾಗದ.

ಹೋದ ವಾರ ಅಂಗಡಿಯ ಕಂಪ್ಯೂಟರು ಕೈಕೊಟ್ಟಿತು. ಲೇಬಲ್ ಪ್ರಿಂಟರು ಸುಮ್ಮನೆ ಕೂತಿತು. ಶನಿವಾರದೊಳಗೆ ಲೇಬಲ್ ಬರದಿದ್ದರೆ ಬೇರೆ ಕಡೆ ಮಾಡಿಸುತ್ತೇವೆ ಎಂದರು ಜಾಮ್ ಕಾರ್ಖಾನೆಯವರು. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲು ನಾನೇ ಕೂತರೆ, ಜಾಗ ಸಾಲದು ಎಂದು ಅದು ಹಠ ಹಿಡಿಯಿತು. ಡಿಸ್ಕನ್ನು ಮೂರು ಭಾಗ ಮಾಡಿದವಳು ನೀನೇ, ನೆನಪಿದೆಯಾ? ಮೊದಲನೆಯದು ಅಂಗಡಿಗೆ, ನಡುವಿನ ದೊಡ್ಡದು ನಿನಗೆ, ಕೊನೆಯ ತುಂಡು ನನಗೆ. ಚಿಕ್ಕಂದಿನಲ್ಲಿ ಮಂಚದಲ್ಲೂ ಹಾಗೇ ಮಲಗುತ್ತಿದ್ದೆವು ತಾನೇ, ಅಮ್ಮನ ಮಗ್ಗುಲಿಗೆ ನೀನು, ಗೋಡೆಗೆ ಅಂಟಿಕೊಂಡು ನಾನು!

ಏನು ಮಾಡಲಿ ಎಂದು ಅಮ್ಮನನ್ನು ಕೇಳಿದೆ. "ಅಕ್ಕಂದು ಮುಟ್ಬೇಡ, ನಿಂದೇ ಅಳಿಸು" ಎಂದಳು, ಹಿಂದೆಮುಂದೆ ನೋಡದೆ. ಹೊಟ್ಟೆ ಉರಿಯಿತು ಅಕ್ಕಾ, ಸುಳ್ಳು ಯಾಕೆ ಹೇಳಲಿ. ಸಿಟ್ಟಿನಲ್ಲಿ ಅಳಿಸಿಯೇಬಿಟ್ಟೆ. ನಾನು ಕೂತು ಕೂತು ಬರೆದಿದ್ದ ಅಕ್ಷರದ ಮಾದರಿಗಳೆಲ್ಲ ಹೋದವು. ಆಮೇಲೆ ನೋಡಿದರೆ ಅದರಿಂದ ಏನೂ ಉಪಯೋಗವಿಲ್ಲ. ಪಕ್ಕಪಕ್ಕದ ಜಾಗವನ್ನಷ್ಟೇ ಒಂದಕ್ಕೊಂದು ಸೇರಿಸಲು ಬರುವುದಂತೆ. ಅಂಗಡಿಯದು ಈ ತುದಿ, ನನ್ನದು ಆ ತುದಿ, ನಡುವೆ ಕಾಲು ಚಾಚಿಕೊಂಡು ಮಹಾರಾಣಿ ನೀನು. ನನ್ನದರಲ್ಲೇ ಹೊಸ ಸಿಸ್ಟಮ್ ಹಾಕೋಣವೆಂದರೆ ಅದು ಅಂಗೈಯಗಲ.

ಅಂಥದ್ದೇನು ಬಚ್ಚಿಟ್ಟಿದ್ದೀಯೋ ಎಂದು ನಿನ್ನ ಭಾಗದ ಲೆಕ್ಕ ನೋಡಿದೆ. ಪೂರ್ತಿ ಖಾಲಿ! ಮದುವೆಯಾಗಿ ಹೋಗುವಾಗಲೇ ಎಲ್ಲವನ್ನೂ ನಿನ್ನ ಲ್ಯಾಪ್‌ಟಾಪಿಗೆ ಸಾಗಿಸಿದ್ದೀಯ. ಅಮ್ಮನ ಬಳಿ ಓಡಿದೆ. "ಖಾಲಿ ಇದ್ರೆ ಏನಾಯ್ತು? ನಾಳೆ ಅವ್ಳು ಬಂದ್ರೆ ಎಲ್ಲಿಡ್ತಾಳೆ?" ಎಂದಳು. ನನ್ನದು ತುಂಬಿತ್ತಲ್ಲ, ಅದನ್ನೆಲ್ಲ ಎಲ್ಲಿಡುತ್ತೀಯ ಎಂದು ನನ್ನನ್ನು ಕೇಳಲಿಲ್ಲ.

ಲೇಬಲ್ ಶುಕ್ರವಾರವೇ ಹೋಯಿತು, ಆ ಚಿಂತೆ ಬೇಡ. ಬಿಸಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿರು. ಭಾವನಿಗೆ ನಾನು ಕೇಳಿದೆ ಎಂದು ಹೇಳು.

ಇಂತಿ,
ಗೋಡೆ ಬದಿಯ ನಿನ್ನ ಬಾಲಂಗೋಚಿ

ಮರೆತಿದ್ದೆ: ಲೇಬಲ್ ಹೇಗೆ ಹೋಯಿತು ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ನಿನ್ನ ಭಾಗವನ್ನೂ ಅಳಿಸಿದೆ. ಅಮ್ಮನಿಗೆ ಗೊತ್ತಿಲ್ಲ. ಅಂಗಡಿಗೆ ಬೇಕಾದಷ್ಟು ಕೊಟ್ಟು, ಉಳಿದದ್ದನ್ನೆಲ್ಲ ಒಂದು ಮಾಡಿ, ಅದಕ್ಕೆ ನಿನ್ನ ಹೆಸರನ್ನೇ ಇಟ್ಟಿದ್ದೇನೆ. ಬೆಳಿಗ್ಗೆ ಅಮ್ಮ ಬಂದು ನೋಡಿ, "ಅಕ್ಕಂದು ಇದ್ಯಲ್ಲ, ಸರಿ" ಎಂದು ನೆಮ್ಮದಿಯಿಂದ ಕೆಲಸಕ್ಕೆ ಕೂರುತ್ತಾಳೆ. ದಿನವಿಡೀ ನಾನು ಬರೆದದ್ದೆಲ್ಲ ನಿನ್ನ ಹೆಸರಿನೊಳಗೆ ಹೋಗಿ ಸೇರುತ್ತದೆ. ಆ ಜಾಗ ತಂಗಿಗೆ ಕೊಟ್ಟೆ ಅಂತ ಅಮ್ಮನಿಗೆ ಒಂದು ಫೋನು ಮಾಡಿ ಹೇಳು ಅಕ್ಕಾ. ನೀನು ಹೇಳುವವರೆಗೂ ಹೆಸರು ಬದಲಾಯಿಸಲು ನನಗೆ ಧೈರ್ಯವಿಲ್ಲ.