ಅಪ್ಪ ಕಟ್ಟಿದ ಗಲಾಕ್ಸಿಯಾ

ಮೇ 25, ಶನಿವಾರ

ಮತ್ತೆ ಅದೇ ಹಳೇ ಟೂತ್‌ಬ್ರಷ್, ಸ್ಪಿರಿಟ್, ಹತ್ತಿ. ಇವತ್ತು ಸ್ಪೆಕ್ಟ್ರಮ್‌ನ ರಬ್ಬರ್ ಕೀಗಳ ಸರದಿ. ಹಳೇ ಕಂಪ್ಯೂಟರಿನ ಮೇಲೆ ನಲವತ್ತು ವರ್ಷದ ಬೆರಳ ಜಿಡ್ಡು — ಯಾರ ಮನೆಯ ಮಕ್ಕಳದ್ದೋ. ಅಡುಗೆಮನೆ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲ. ನಿಂತೇ ಸೂಪ್ ಕುಡಿದೆ. ಎದುರು ಮನೆಯ ಮಿಲೆವಾ ಕಾಫಿಗೆ ಬಂದವಳು ಮಾಮೂಲಿ ಮಾತು ಹೇಳಿ ಹೋದಳು: ಗಂಡನನ್ನು ಇದರ ಅರ್ಧ ನೋಡಿಕೊಂಡಿದ್ದರೂ ಉಳಿಯುತ್ತಿದ್ದನಂತೆ. ನಕ್ಕೆ. ಉಳಿಯುತ್ತಿರಲಿಲ್ಲ.

ಕಪಾಟು ತುಂಬಿತು, ಮಂಚದಡಿಯೂ ತುಂಬಿತು. ಬೇಕಾದದ್ದು ಒಂದೇ. ಅದು ಸಿಗದ್ದಕ್ಕೆ ಇವೆಲ್ಲ.

ಜೂನ್ 2, ಭಾನುವಾರ

ಸಿಕ್ಕಿತು.

ಪಾಂಚೆವೊದ ಹಳೇ ಸಾಮಾನಿನ ಸಂತೆ. ಪಾರಿವಾಳ ಸಾಕುವ ಮುದುಕನೊಬ್ಬ ಅಟ್ಟ ಖಾಲಿ ಮಾಡಿ ತಂದು ಹರವಿದ್ದ. ತುಕ್ಕು ಹಿಡಿದ ಗರಗಸ, ದೀಪದ ಬುರುಡೆ, ನಡುವೆ ಒಂದು ಗಲಾಕ್ಸಿಯಾ. ಪತ್ರಿಕೆಯ ನಕ್ಷೆ ನೋಡಿಕೊಂಡು ಆಗ ಜನ ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಂಡ ಕಂಪ್ಯೂಟರ್. ಒಂದರ ಹಾಗೆ ಇನ್ನೊಂದಿಲ್ಲ. ತಿರುಗಿಸಿ ನೋಡಿದೆ — ಅಡಿಹಲಗೆ ಅಮ್ಮ ಹಿಟ್ಟು ಲಟ್ಟಿಸುತ್ತಿದ್ದ ಹಲಗೆ. ಚಾಕುವಿನ ಗೀರು. ಬಿಸಿ ಪಾತ್ರೆ ಸುಟ್ಟ ಅರ್ಧ ಬಳೆಯಂಥ ಕಲೆ. 84ರಲ್ಲಿ ಅಪ್ಪ ಹೇಳದೆ ಕೇಳದೆ ಅದನ್ನು ಕೊಯ್ದದ್ದಕ್ಕೆ ಅಮ್ಮ ವಾರವಿಡೀ ಮಾತು ಬಿಟ್ಟಿದ್ದಳು.

ಅಲ್ಲೇ ಕೂತು ಅತ್ತೆ. ಮುದುಕ ಗಾಬರಿಯಾಗಿ ನೀರು ಕೊಟ್ಟ.

ನೋಟಿಗೆ ಬೆಲೆಯೇ ಇಲ್ಲದ 93ರ ಚಳಿಗಾಲದಲ್ಲಿ ಅಣ್ಣ ರಾಸ್ತ್ಕೊ ಇದನ್ನು ಹಿಟ್ಟು, ಎಣ್ಣೆಗೆ ಕೊಟ್ಟು ಬಂದ. ಅಪ್ಪ ಸತ್ತು ವರ್ಷವಾಗಿರಲಿಲ್ಲ. ಆ ಎಣ್ಣೆಯಲ್ಲಿ ಕರಿದದ್ದನ್ನು ನಾನೂ ತಿಂದೆ. ಅವನನ್ನು ಮಾತ್ರ ಕ್ಷಮಿಸಲಿಲ್ಲ.

ಜೂನ್ 5, ಬುಧವಾರ

ಬಿಚ್ಚಿದೆ. ಬೋರ್ಡಿನ ತುಂಬ ಪಾರಿವಾಳದ ಹಿಕ್ಕೆ. ಅಪ್ಪನ ಬೆಸುಗೆ ದಪ್ಪದಪ್ಪ, ಒರಟು, ಒಂದೂ ಬಿಟ್ಟಿಲ್ಲ. ಮೂಲೆಯ ಮೆಮೊರಿ ಚಿಪ್ಪಿನ ಮೇಲೆ ಕಾಗದದ ಚೀಟಿ, ಅವನದೇ ಅಕ್ಷರ: ಮಕ್ಕಳು.

ಆಗೆಲ್ಲ ಆನ್ ಮಾಡಿದರೆ ಟಿವಿ ಪರದೆಯ ಮೇಲೆ ಬರುತ್ತಿತ್ತು — ಬಂದೆಯಾ, ಸ್ಮಿಲ್ಯಾ? ಆಮೇಲೆ ಕಂಡ ಯಾವ ಕಂಪ್ಯೂಟರೂ ನನ್ನನ್ನು ಹಾಗೆ ಕೇಳಿಲ್ಲ. ಯಾವ ಮನುಷ್ಯನೂ.

ಈಗಲೇ ಆನ್ ಮಾಡಲು ಭಯ. ಶಾರ್ಟ್ ಆಗಿ ಸುಟ್ಟರೆ? ತಿಹೊಮಿರ್‌ಗೆ ಫೋನ್ ಮಾಡಿದೆ. ಹಳೇ ಕಂಪ್ಯೂಟರ್ ಕೂಡಿಡುವ ನಮ್ಮ ಬಳಗದಲ್ಲಿ ಚಿಪ್ ಓದುವ ಯಂತ್ರ ಇರುವುದು ಅವನ ಬಳಿ. ಭಾನುವಾರ ಬರುತ್ತಾನೆ. ಮೊದಲು ಓದು, ಆಮೇಲೆ ಮುಟ್ಟು — ಹೊಸಬರಿಗೆ ಇದನ್ನು ಗದರಿ ಹೇಳುವವಳು ನಾನೇ.

ಜೂನ್ 8, ಶನಿವಾರ, ಬೆಳಿಗ್ಗೆ

ತಡೆಯಲಾಗಲಿಲ್ಲ. ನಾಳೆ ತಿಹೊಮಿರ್ ನೋಡುವಾಗ ಲಕಲಕ ಅನ್ನಲಿ ಎಂದು ತೊಳೆದುಬಿಟ್ಟೆ. ಸ್ಪಿರಿಟ್ ತಾಗಿ ಚೀಟಿಯ ಅಂಚು ಎದ್ದಿತು. ಅಪ್ಪನ ಅಕ್ಷರ ಹಾಳಾಗಬಾರದಲ್ಲ — ಪೂರ್ತಿ ಬಿಡಿಸಿ ಗಾಜಿನಡಿ ಒಣಗಲು ಇಟ್ಟೆ. ಈಗ ಚಿಪ್ಪಿನ ಪುಟ್ಟ ಗಾಜಿನ ಕಿಟಕಿ ಬರಿದಾಗಿದೆ. ಬಿಸಿಲು ಒಳಗೆ ಹೊಕ್ಕರೆ ಚಿಪ್ಪಿನಲ್ಲಿ ಬರೆದದ್ದು ಅಳಿಯುತ್ತದೆ, ಚೀಟಿ ಅಂಟಿಸುವುದೇ ಅದಕ್ಕೆ. ಅರ್ಧ ಗಂಟೆಗೆ ಏನಾಗುತ್ತದೆ? ಬೋರ್ಡು ಬಾಲ್ಕನಿಯಲ್ಲಿದೆ. ಒಣಗಿದೊಡನೆ ಕಪ್ಪು ಟೇಪ್ ಹಚ್ಚಿದರಾಯಿತು.

ಫೋನ್. ವರ್ಶಾಟ್ಸ್ ಆಸ್ಪತ್ರೆಯಂತೆ —

ಜೂನ್ 17, ಸೋಮವಾರ, ವರ್ಶಾಟ್ಸ್

ರಾಸ್ತ್ಕೊಗೆ ಪಾರ್ಶ್ವವಾಯು, ಬಲಗಡೆ ಸ್ವಾಧೀನವಿಲ್ಲ. ಇನ್ನೊಂದು ಹೊಡೆತ ಬಂದರೆ ಉಳಿಯುವುದಿಲ್ಲ ಅನ್ನುತ್ತಾರೆ. ಹೆಂಡತಿ ಬಿಟ್ಟುಹೋಗಿದ್ದಾಳೆ, ಬೇರೆ ಯಾರಿಲ್ಲ. ಗಡ್ಡ ಹೆರೆಯುವುದು, ಚಮಚದಲ್ಲಿ ತಿನ್ನಿಸುವುದು, ಕುರ್ಚಿಯಲ್ಲಿ ನಿದ್ದೆ. ತಿಹೊಮಿರ್‌ಗೆ ಬರಬೇಡ ಎಂದು ದಾರಿಯಲ್ಲೇ ಫೋನ್ ಮಾಡಿದ್ದಷ್ಟೇ, ಇಷ್ಟರಲ್ಲೇ ದಿನ ಹೋದದ್ದು ತಿಳಿಯಲಿಲ್ಲ.

ಇವತ್ತು ಮಾತು ಬಂತು. ತೊದಲು. ಅಪ್ಪನ ಗಲಾಕ್ಸಿಯಾ ಸಿಕ್ಕಿತು ಎಂದೆ. ಕುಟುಕಲೆಂದೇ ಹೇಳಿದೆ, ಸುಳ್ಳೇಕೆ. ಅವನ ಕಣ್ಣು ತುಂಬಿತು.

"ಅದನ್ನ ಕೊಟ್ಟಾಗ ನಂದೂ ಹೋಯ್ತಲ್ಲ ಕಣೇ."

ನಿನ್ನದೇನಿತ್ತು ಅದರಲ್ಲಿ ಎಂದೆ. ಸ್ಪೇಸ್ ಕೀ ಒತ್ತಿಹಿಡಿದು ಆನ್ ಮಾಡಿದರೆ ನನ್ನ ಸಾಲಿನ ಬದಲು ಅವನ ಸಾಲು ಬರುತ್ತಿತ್ತಂತೆ. ಅಪ್ಪ ಅವನೊಬ್ಬನಿಗೇ ತೋರಿಸಿದ್ದ. ಅವನನ್ನು ಬೆಲ್ಟಿನಲ್ಲಿ ಬಾರಿಸುತ್ತಿದ್ದ ಅಪ್ಪ. ನನಗೆ ಇದು ಗೊತ್ತೇ ಇರಲಿಲ್ಲ.

ಏನಂತಿತ್ತು ಎಂದು ಕೇಳಿದೆ. ಬಹಳ ಹೊತ್ತು ಬಾಯಿ ಆಡಿಸಿದ.

"ಬರ್ತಾ ಇಲ್ಲ. ತಲೇಲಿದ್ದದ್ದೆಲ್ಲ ಕಲಸಿ ಹೋಗಿದೆ. ಒಂದ್ಸಲ ತಂದು ತೋರ್ಸು. ಆಮೇಲೆ ಏನ್ ಬೇಕಾದ್ರೂ ಆಗ್ಲಿ."

ಆಗ ನೆನಪಾಯಿತು. ಬಾಲ್ಕನಿ.

ಕಾರಿಡಾರಿಗೆ ಓಡಿ ಮಿಲೆವಾಗೆ ಫೋನ್ ಮಾಡಿದೆ. ಗಿಡಕ್ಕೆ ನೀರು ಹಾಕಲು ಬೀಗದಕೈ ಅವಳ ಬಳಿಯಿದೆ. ಬಾಲ್ಕನಿಯ ಆ ಹಸಿರು ಬೋರ್ಡು ನೋಡಿದೆಯಾ ಎಂದೆ. ನೋಡಿದ್ದಳು. ಖುಷಿಯಲ್ಲಿದ್ದಳು.

"ಒಣಗ್ಲಿ ಅಂತ ಇಟ್ಟಿದ್ದೆ ಅಲ್ವಾ? ನೆರಳು ಬಂದ ಹಾಗೆಲ್ಲ ಬಿಸಿಲಿಗೆ ಸರಿಸ್ತಾ ಇದ್ದೀನಿ, ಮೆಣಸಿನಕಾಯಿ ಒಣಗಿಸ್ದಂಗೆ. ನೀ ಚಿಂತೆ ಮಾಡ್ಬೇಡ."

ಒಳಗಿಡು ಎಂದೆ. ಥ್ಯಾಂಕ್ಸ್ ಎಂದೂ ಹೇಳಿದೆ. ಮೋಡ ಕೂಡ ಬರಲಿಲ್ಲ, ಹಾಳು ಜೂನ್.

ಜೂನ್ 19, ಬುಧವಾರ

ತಿಹೊಮಿರ್ ಮಿಲೆವಾ ಬಳಿ ಬೀಗದಕೈ ಇಸಿದುಕೊಂಡು ಹೋಗಿ ಓದಿದ. ಫೋನಿನಲ್ಲಿ ಮೆಲ್ಲಗೆ ಹೇಳಿದ. ಖಾಲಿ. ತುದಿಯಿಂದ ತುದಿಗೆ.

ಮೂವತ್ತು ವರ್ಷ ಪಾರಿವಾಳಗಳ ಕೆಳಗೆ ಉಳಿದಿತ್ತು. ನನ್ನ ಕೈಗೆ ಬಂದು ನೆಟ್ಟಗೆ ಎರಡು ವಾರ ಬದುಕಲಿಲ್ಲ. ಅಣ್ಣನಾದರೂ ಹೊಟ್ಟೆಪಾಡಿಗೆ ಕೊಟ್ಟ. ನಾನು ಚೆಂದ ಕಾಣಲಿ ಎಂದು ಕೊಂದೆ.

ಜೂನ್ 20

ರಾಸ್ತ್ಕೊ ದಿನಾ ಕೇಳುತ್ತಾನೆ. ತಂದ್ಯಾ? ನಾಳೆ ಎನ್ನುತ್ತೇನೆ. ಎಡಗೈಯ ಹೆಬ್ಬೆರಳಿನಿಂದ ಹೊದಿಕೆಯನ್ನು ಒತ್ತಿಹಿಡಿಯುತ್ತಾನೆ. ಸ್ಪೇಸ್ ಕೀ. ಅಭ್ಯಾಸ ಮಾಡುತ್ತಿದ್ದಾನೆ.

ಜೂನ್ 23, ಭಾನುವಾರ, ಮನೆ

ತಿಹೊಮಿರ್ ಹೇಳಿದ: ಚಿಪ್ಪಿಗೆ ಹೊಸದಾಗಿ ಬರೆಯಬಹುದು. ನಿನ್ನ ಸಾಲು ನಿನಗೆ ಗೊತ್ತಿದೆ. ಅವನದಕ್ಕೆ ಏನಾದರೂ ಒಳ್ಳೆಯ ಮಾತು ಹಾಕೋಣ, ನೆನಪಿಲ್ಲವಲ್ಲ, ನಂಬುತ್ತಾನೆ. ಥೂ ಎಂದೆ. ಬಾಗಿಲು ದಾಟುವ ಮೊದಲೇ ಹಿಂದೆ ಕರೆದೆ.

ನಂಬದಿದ್ದರೆ? ನಂಬಿದರೆ ಇನ್ನೂ ಕಷ್ಟ. ನಾನು ಕಟ್ಟಿದ ಸುಳ್ಳನ್ನೇ ಅಪ್ಪನೆಂದುಕೊಂಡು ಹೋಗುತ್ತಾನೆ.

ಅಪ್ಪ ಅವನಿಗೆ ಹೇಳುತ್ತಿದ್ದ ಮಾತು ನೆನಪಿಸಿಕೊಳ್ಳುತ್ತ ಕೂತೆ. ಕತ್ತೆ. ಬಾಗಿಲು ಹಾಕು. ನಿನ್ ಕೈಲಾಗಲ್ಲ ಬಿಡು. ಬೇರೆ ಒಂದೂ ಇಲ್ಲ. ಒಳ್ಳೆಯ ಮಾತು ಅಂತ ಇದ್ದದ್ದು ಆ ಒಂದು ಸಾಲೇ ಇರಬೇಕು. ಅದನ್ನು ಚಿಪ್ಪಿನಲ್ಲಿ ಬಚ್ಚಿಟ್ಟು ಸತ್ತ.

ಜೂನ್ 24, ಸೋಮವಾರ, ಬೆಳಿಗ್ಗೆ

ಆಸ್ಪತ್ರೆಯಿಂದ ಫೋನ್. ರಾತ್ರಿ ಸರಿಯಿರಲಿಲ್ಲವಂತೆ. ಎಚ್ಚರವಿದೆ, ಬೇಗ ಬನ್ನಿ ಎಂದರು. ಚಿಕ್ಕ ಟಿವಿ ಆಗಲೇ ಕಾರಿನಲ್ಲಿದೆ. ನನ್ನ ಸಾಲು ಬರೆದದ್ದಾಯಿತು. ಮನೆಯ ಟಿವಿಗೆ ಸಿಕ್ಕಿಸಿ ಆನ್ ಮಾಡಿ ನೋಡಿದೆ — ಬಂದೆಯಾ, ಸ್ಮಿಲ್ಯಾ? ಏನೂ ಅನ್ನಿಸಲಿಲ್ಲ. ಕೇಳಿದವಳು ನಾನೇ.

ತಿಹೊಮಿರ್ ಯಂತ್ರದ ಮುಂದೆ ಕಾಯುತ್ತಿದ್ದಾನೆ. ಏನ್ ಬರೀಲಿ ಎಂದು ಎರಡು ಸಲ ಕೇಳಿದ. ಅಪ್ಪ ಹೇಳಿದ ಹಾಗೆ ಕೇಳುತ್ತದೋ ಎಂದು ಇಲ್ಲಿ ಬರೆದು ನೋಡಿ ಹೇಳುತ್ತೇನೆ ಎಂದಿದ್ದೇನೆ.

ರಾಸ್ತ್ಕೊ, ನನ್ನ —