ಗೇಟಿನ ಗೂಡಿನಲ್ಲಿ ಕಡ್ಡಿಪೆಟ್ಟಿಗೆ

ಮಾವನವರೇ,

ನೀವಿದ್ದಾಗ ನಿಮ್ಮೆದುರು ನಿಂತು ನಾಲ್ಕು ಮಾತಾಡಿದವಳಲ್ಲ ನಾನು. ಏನಿದ್ದರೂ ಬಾಗಿಲ ಮರೆಯಿಂದ ಕೇಳಿಸಿಕೊಂಡದ್ದೇ ಹೆಚ್ಚು. ಈಗ ಇಷ್ಟುದ್ದ ಕಾಗದ ಬರೆಯಲು ಕೂತಿದ್ದು ಕಂಡು ಅತ್ತೆಯವರು ನಗುತ್ತಿದ್ದಾರೆ. ಹೆಣ್ಣುಮಗಳಿಗೆ ಅಕ್ಷರ ಕಲಿಸಿದ್ದು ಕುಷ್ಟಗಿಯ ನನ್ನ ಅಪ್ಪನ ತಪ್ಪು. ಬರೆಯುವಷ್ಟು ವಿಷಯ ಬಿಟ್ಟುಹೋದದ್ದು ನಿಮ್ಮ ತಪ್ಪು. ನಿಮ್ಮ ಮಗನ ಒಂದು ಸುದ್ದಿ ಹೇಳುವುದಿದೆ. ಗಾಬರಿಯಾಗಬೇಡಿ, ಒಳ್ಳೆಯ ಸುದ್ದಿಯೇ. ಆದರೆ ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಮದುವೆಯಾದ ವರ್ಷ ನಮ್ಮ ಹತ್ತಿ ಗಿರಣಿ ನೋಡಲು ಮೊದಲ ಸಲ ಬಂದದ್ದು ನೆನಪಾಗುತ್ತದೆ. ಕೊಪ್ಪಳ ಸ್ಟೇಷನ್ನಿನ ಆಚೆ ಯಲಬುರ್ಗಾ ಕಡೆಯ ಹತ್ತಿ ಬಂಡಿಗಳ ಸಾಲು, ಗೇಟಿನ ಬಳಿ ಕುರ್ಚಿ ಹಾಕಿಕೊಂಡು ನೀವು. ನಿಮ್ಮ ಬಲಕ್ಕೆ ಗೋಡೆಯಲ್ಲೊಂದು ಗೂಡು. ಒಳಗೆ ಹೋಗುವವರು ಯಾರೇ ಆಗಲಿ ಬೀಡಿ, ಕಡ್ಡಿಪೆಟ್ಟಿಗೆ ಅದರಲ್ಲಿಟ್ಟೇ ಹೋಗಬೇಕು. ಲಡಾಯಿಯ ಕಾಲ, ಕಡ್ಡಿಪೆಟ್ಟಿಗೆ ಸಿಗುವುದೇ ಕಷ್ಟ. ಬಂಡಿಯವರು ಕೂಸನ್ನು ಬಿಟ್ಟುಹೋಗುವವರ ಹಾಗೆ ತಿರುತಿರುಗಿ ನೋಡುತ್ತ ಹೋಗುತ್ತಿದ್ದರು. ಅದೆಲ್ಲ ಸರಿ. ಆದರೆ ನಿಮ್ಮ ಮಗ ಬಂದಾಗ ನೀವು ಬಾಯಿ ಬಿಟ್ಟು ಕೇಳಲೂ ಇಲ್ಲ, ಹತ್ತಿರ ಕರೆದು ಅಂಗಿಯ ಎರಡೂ ಕಿಸೆಗೆ ಕೈ ಹಾಕಿದಿರಿ. ಹಮಾಲರ ಎದುರಿಗೆ, ಹೊಸ ಹೆಂಡತಿಯ ಎದುರಿಗೆ. ಒಂದು ಪೆಟ್ಟಿಗೆ ಸಿಕ್ಕಿಯೂ ಸಿಕ್ಕಿತು ಎನ್ನಿ. ಅವರು ನೆಲ ನೋಡುತ್ತ ಒಳಗೆ ನಡೆದರು. ಆ ದಿನ ನಿಮ್ಮ ಮೇಲೆ ನನಗೆ ಬಂದ ಸಿಟ್ಟು...

ಊರೂ ನಿಮ್ಮನ್ನು ಕಡಿಮೆ ಆಡಿಕೊಳ್ಳಲಿಲ್ಲ. ಗಿರಣಿಯ ಬಾಗಿಲುಗಳನ್ನೆಲ್ಲ ಕೀಳಿಸಿ, ಹೊರಕ್ಕೆ ತೆರೆಯುವ ಹಾಗೆ ಕೂಡಿಸಿದಾಗ ಬಡಿಗನೇ ಹಣೆ ಹಣೆ ಬಡಿದುಕೊಂಡನಂತೆ. ಬಾಗಿಲು ಹೊರಕ್ಕೆ ಹೋದರೆ ಬರುವ ಲಕ್ಷ್ಮಿಯನ್ನು ನೂಕಿದ ಹಾಗೆ ಎಂದು ಬೀಗರು ಮನೆಗೇ ಬಂದು ಹೇಳಿದರು. ಹತ್ತಿ ಆರಿಸುವ ಹೆಂಗಸರು ಉಡಿಯಲ್ಲಿ ಕದ್ದೊಯ್ಯುತ್ತಾರೆಂದು ಉಳಿದ ಕಡೆ ಕೆಲಸದ ಹೊತ್ತಿನಲ್ಲಿ ಹೊರಗಿನಿಂದ ಚಿಲಕ ಹಾಕುವುದುಂಟು. ನೀವು ಚಿಲಕವನ್ನೇ ಕಿತ್ತು ಒಗೆದಿರಿ. ಹಿಡಿ ಹತ್ತಿ ಹೋದರೆ ಹೋಗಲಿ, ಹೆಣ್ಣುಮಕ್ಕಳು ಸಂಜೆ ಮನೆಗೆ ಹೋಗಬೇಕು ಎಂದಿರಿ. ಅಮಾವಾಸ್ಯೆಗೆ ಯಂತ್ರ ನಿಲ್ಲುವ ದಿನ ಬೇವಿನ ಗಿಡಕ್ಕೆ ಕಟ್ಟಿದ ರೈಲುಹಳಿಯ ತುಂಡು ಬಾರಿಸಿ, ಇಲ್ಲದ ಬೆಂಕಿಯನ್ನು ಆರಿಸುವ ಆಟ ಆಡಿಸುತ್ತಿದ್ದಿರಲ್ಲ, ಅದನ್ನು ನೋಡಲು ಸ್ಟೇಷನ್ನಿನ ಮಂದಿ ಚಹಾ ಹಿಡಿದುಕೊಂಡೇ ಬರುತ್ತಿದ್ದರು. ಬಾವಿಯಿಂದ ಗೋದಾಮಿನವರೆಗೆ ಹೆಂಗಸರ ಸಾಲು, ಕೈಯಿಂದ ಕೈಗೆ ಬಾಲ್ದಿ, ಸಾಲಿನ ತುದಿಗೆ ಅವರ ಮುಖ್ಯಸ್ಥೆ ಹುಲಿಗೆವ್ವ. ಮೊದಮೊದಲು ಆಕೆಯೇ ನಗು ತಡೆಯಲಾರದೆ ನೀರು ಚೆಲ್ಲಿಕೊಳ್ಳುತ್ತಿದ್ದಳು.

ಬಾಲ್ದಿಯ ಮಾತು ಬಂದಾಗಲೆಲ್ಲ ಇನ್ನೊಂದು ನೆನಪಾಗಿ ಈಗಲೂ ನಗುತ್ತೇನೆ. ತಪಾಸಣೆಯ ಸಾಹೇಬರು ಬರುತ್ತಾರೆಂದು ಸುದ್ದಿ ಹಬ್ಬಿದರೆ ಸಾಕು, ಬೇರೆ ಗಿರಣಿಯವರು ನಮ್ಮ ಮನೆಗೆ ಆಳು ಕಳಿಸುತ್ತಿದ್ದರು. ಸಾಹೇಬರು ಹೋಗುವ ತನಕ ಗೋಡೆಗೆ ತೂಗುಹಾಕಲು, ಬೆಂಕಿಗೆಂದು ನೀವಿಟ್ಟ ಕೆಂಪು ಬಾಲ್ದಿಗಳು ಬೇಕು! ಮದುವೆಗೆ ಪಾತ್ರೆ ಎರವಲು ಕೇಳಿದ ಹಾಗೆ. ಅತ್ತೆಯವರು ಸಿಡಿಮಿಡಿಗೊಂಡರೂ ನೀವು ಇಲ್ಲವೆನ್ನುತ್ತಿರಲಿಲ್ಲ. ಉಸುಕು ತುಂಬಿಸಿಯೇ ಕೊಡುತ್ತಿದ್ದಿರಿ. ತಿರುಗಿ ತಂದರೆ, ಅಲ್ಲೇ ಇರಲಿ, ಮುಂದಿನ ಸಲಕ್ಕೆ ಹೊರುವುದು ತಪ್ಪುತ್ತದೆ ಎಂದು ವಾಪಸು ಕಳಿಸುತ್ತಿದ್ದಿರಿ. ಹಾಗೆ ಎಷ್ಟು ಗೋಡೆಗಳಿಗೆ ನಿಮ್ಮ ಬಾಲ್ದಿ ಹತ್ತಿತೋ ಯಾರಿಗೆ ಗೊತ್ತು? ಅವರೆಲ್ಲ ನಿಮ್ಮನ್ನು ದಡ್ಡ ಎಂದುಕೊಂಡರು. ನಾನೂ ಒಂದಿಷ್ಟು ದಿನ ಹಾಗೇ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ನಿಮಗೆ ಊಟಕ್ಕೆ ಬಡಿಸಿದ ಮೇಲೆ ನನಗೆ ತಡೆಯಲಾಗಲಿಲ್ಲ. ನಿಮ್ಮ ಮಗನ ಕಿಸೆಗೆ ಎಲ್ಲರೆದುರು ಕೈ ಹಾಕುವುದು ಸರಿಯೇ ಎಂದು ಬಾಗಿಲ ಮರೆಯಿಂದಲೇ ಕೇಳಿಬಿಟ್ಟೆ. ನೀವು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಿರಿ. ಬೈಯುತ್ತೀರಿ ಎಂದುಕೊಂಡೆ. ನೀವು ಹರೆಯದಲ್ಲಿ ಹಮಾಲಿ ಮಾಡಿದ ಒಂದು ಗಿರಣಿಯ ಕಥೆ ಹೇಳಿದಿರಿ. ಅಲ್ಲಿ ಹತ್ತಿಯ ರಾಶಿಗೆ ಕಿಡಿ ಬಿದ್ದು, ನೀರು ಸುರಿದು ಆರಿಸಿ, ಎಲ್ಲರೂ ನಿಟ್ಟುಸಿರು ಬಿಟ್ಟಿದ್ದರು. ಮರುದಿನ ಅದೇ ಹತ್ತಿ ಗೋದಾಮಿನೊಳಗೆ ಭುಗಿಲೆದ್ದಾಗ ಬಾಗಿಲಿಗೆ ಹೊರಗಿನಿಂದ ಚಿಲಕವಿತ್ತು, ಒಳಗೆ ಹೆಂಗಸರಿದ್ದರು.

"ಹತ್ತ್ಯಾಗಿನ ಬೆಂಕಿ ನೀರು ಕುಡದು ಸುಮ್ಮನ ಕುಂದರ್ತೈತಿ ನೋಡವಾ," ಎಂದಿರಿ. "ಆರೇತಿ ಅಂತ ತಿಳದು ಆ ಹತ್ತೀನ ಒಳಗ ಹೊತ್ತು ಒಟ್ಟಿದಾಂವ ನಾನ. ಮಗನ ಕಿಸೆ ಬಿಟ್ಟರ, ನಾಳೆ ಹಮಾಲನ ಕಿಸೆ ಯಾವ ಬಾಯಿಲೆ ಕೇಳ್ಲಿ?"

ಮತ್ತೆ ರೊಟ್ಟಿ ಮುಟ್ಟಲಿಲ್ಲ ನೀವು, ಕೈ ತೊಳೆದು ಎದ್ದಿರಿ. ಇಷ್ಟನ್ನು ನನಗೆ ಹೇಳಿದವರು ನಿಮ್ಮ ಮಗನಿಗೆ ಯಾಕೆ ಹೇಳಲಿಲ್ಲ ಮಾವನವರೇ? ಒಂದು ಸಲ ಹೇಳಿದ್ದರೆ... ಆ ದಿನದಿಂದ ನನಗೆ ನಿಮ್ಮ ಮೇಲಿದ್ದ ಸಿಟ್ಟು ಹೋಯಿತು. ನಿಮ್ಮಂಥವರ ಮನೆಗೆ ಸೊಸೆಯಾಗಿ ಬಂದೆನಲ್ಲ ಎಂದು ಹೆಮ್ಮೆಯಾಯಿತು.

ಹಂಗಾಮಿನ ಮೊದಲ ದಿನದ ಪೂಜೆಯನ್ನು ನೀವು ಹೊರಗೆ ತಂದದ್ದೂ ನಾನು ಬಂದ ಮೇಲೆಯೇ. ಅದಕ್ಕೂ ಮೊದಲು ಗೋದಾಮಿನ ಒಳಗೆ, ಹೊಸ ಹತ್ತಿಯ ರಾಶಿಯ ಮುಂದೆಯೇ ದೀಪ ಹಚ್ಚಿ, ಕರ್ಪೂರ ಬೆಳಗುವುದು ರೂಢಿ. ಹತ್ತಿಯೇ ಲಕ್ಷ್ಮಿ, ಅವಳ ಮುಖದ ಮುಂದೆಯೇ ಆರತಿ ಆಗಬೇಕಲ್ಲ! ನೀವು ಒಂದು ಬುಟ್ಟಿ ಹತ್ತಿಯನ್ನು ಬಾವಿಯ ಕಟ್ಟೆಗೆ ತರಿಸಿ ದೂರದಿಂದ ಬೆಳಗಿದಿರಿ. ಲಕ್ಷ್ಮಿಯನ್ನು ಹೊರಗೆ ಕೂಡ್ರಿಸಿದರೆಂದು ಅತ್ತೆಯವರು ಕಣ್ಣೀರು ಹಾಕಿದಾಗ, ಮನೆಯೇ ಸುಟ್ಟರೆ ಆಕೆ ಎಲ್ಲಿ ಕೂಡಬೇಕು ಎಂದು ಕೇಳಿದಿರಿ. ಅತ್ತೆಯವರಿಗೆ ಸಮಾಧಾನವಾಗಲಿಲ್ಲ.

ನೀವು ಮಳೆಗಾಲದ ಜ್ವರದಲ್ಲಿ ಹೋದಿರಿ. ಮೂರನೆಯ ದಿನ ಮುಗಿಯುವುದರೊಳಗೇ ಮಾತು ಶುರುವಾಯಿತು: ಬಾಗಿಲು ಹೊರಕ್ಕೆ ತಿರುಗಿಸಿದ, ಲಕ್ಷ್ಮಿಯನ್ನು ಹೊರಗಿಟ್ಟ, ಅದಕ್ಕೇ ಯಜಮಾನ ಹೋದ. ನಿಮ್ಮ ಮಗ ಅದನ್ನು ನಂಬಿದರೋ, ಅಥವಾ ಅಷ್ಟು ವರ್ಷ ಕಿಸೆ ತಡಕಿಸಿಕೊಂಡ ಮನಸ್ಸಿಗೆ ಒಂದು ಬಿಡುಗಡೆ ಬೇಕಿತ್ತೋ, ಹಂಗಾಮು ಶುರುವಾದಾಗ ಪೂಜೆ ಮತ್ತೆ ಗೋದಾಮಿನೊಳಗೆ ಎಂದರು. ಬಾಗಿಲು ಬದಲಿಸಲು ಬಡಿಗನಿಗೂ ಹೇಳಿಯಾಗಿತ್ತು, ಪುಣ್ಯಕ್ಕೆ ಅವನು ಬಂದಿರಲಿಲ್ಲ. ಗಾಳಿಗೆ ದೀಪ ಆರದಿರಲೆಂದು ಬಾಗಿಲು ಮುಂದೆ ಮಾಡಿದ್ದರು. ಆರತಿ ಎತ್ತಿದವರು ಅವರೇ. ಉರಿಯುವ ಕರ್ಪೂರದ ಬಿಲ್ಲೆ ತಟ್ಟೆಯಿಂದ ಜಾರಿತು. ಹತ್ತಿಯ ಮೇಲೆ ಬೆಂಕಿ ಹೇಗೆ ಓಡುತ್ತದೆಂದು ನೀವು ನೋಡಿದ್ದಿರಿ, ನಾನು ನೋಡಿರಲಿಲ್ಲ. ಕೂಗಲು ಬಾಯಿ ಬರುವ ಮೊದಲೇ, ಹೊರಗಿದ್ದ ಹುಲಿಗೆವ್ವ ಬಾಗಿಲ ಸಂದಿಯಿಂದ ಕಂಡು ಹಳಿ ಬಾರಿಸಿದ್ದಳು. ನೂಕುನುಗ್ಗಲಿನಲ್ಲಿ ಮಂದಿಯ ಭಾರಕ್ಕೇ ಬಾಗಿಲು ತೆರೆದು, ಅತ್ತೆಯವರು, ನಾನು ಎಲ್ಲರೂ ಅಂಗಳಕ್ಕೆ ಬಂದು ಬಿದ್ದೆವು. ಆಗಲೇ ಬಾವಿಯಿಂದ ಹೆಂಗಸರ ಸಾಲು ನಿಂತಿತ್ತು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ನೀವು ಆಡಿಸಿದ ಆಟವನ್ನೇ ಆಡಿದರು, ಈ ಸಲ ನಗುತ್ತಿರಲಿಲ್ಲ ಅಷ್ಟೇ.

ಬೆಂಕಿ ಆರಿತು. ತಾಯಿ ಕಾಯ್ದಳೆಂದು ಕಾಯಿ ಒಡೆದರು. ನಿಮ್ಮ ಮಗ, ರಾಶಿಯ ಒದ್ದೆ ಭಾಗ ತೆಗೆದು ಒಣ ಹತ್ತಿಯನ್ನು ಹಾಗೇ ಬಿಡಿ, ಬಂಡಿಗಳು ಕಾಯುತ್ತಿವೆ, ಕೆಲಸ ಶುರುವಾಗಲಿ ಎಂದರು. ಹೆಂಗಸರು ಸೆರಗು ಹಿಂಡಿಕೊಂಡು ಒಳಗೆ ಹೊರಟರು. ನೀವು ಊಟದ ಹೊತ್ತಿನಲ್ಲಿ ಹೇಳಿದ್ದು ನೆನಪಾಯಿತು ಮಾವನವರೇ. ಹೋಗಿ ಬಾಗಿಲಿಗೆ ಅಡ್ಡ ನಿಂತೆ. ರಾಶಿಯೆಲ್ಲ ಅಂಗಳಕ್ಕೆ ಬರುವ ತನಕ ಯಾರೂ ಒಳಗೆ ಹೋಗಬಾರದು ಎಂದೆ.

"ನಮ್ಮಪ್ಪನ ಹುಚ್ಚು ನಿನಗೂ ಹಿಡೀತೇನು?" ಎಂದರು ನಿಮ್ಮ ಮಗ, ಎಲ್ಲರೆದುರಿಗೆ.

ಆಗ ನಿಮ್ಮ ಆ ಗಿರಣಿಯ ಕಥೆಯನ್ನು ಹೇಳಿಬಿಟ್ಟೆ. ಹೊತ್ತು ಒಟ್ಟಿದವರು ಯಾರು ಎಂಬುದನ್ನೂ. ನಿಮ್ಮ ಗುಟ್ಟು ಬಯಲು ಮಾಡಿದ್ದಕ್ಕೆ ಬೈಯುವುದಾದರೆ ಬೈಯಿರಿ. ಅವರು ಗೇಟಿನ ಕಡೆ ಹೋಗಿ ಬೆನ್ನು ಮಾಡಿ ನಿಂತರು. ಹುಲಿಗೆವ್ವ ಅದನ್ನೇ ಅಪ್ಪಣೆ ಎಂದುಕೊಂಡು ರಾಶಿಯನ್ನು ಬುಟ್ಟಿಬುಟ್ಟಿಯಾಗಿ ಹೊರಗೆ ಸಾಗಿಸಿದಳು.

ಮರುದಿನ ಮಧ್ಯಾಹ್ನದವರೆಗೆ ಅದು ಅಂಗಳದಲ್ಲಿ ಬೆಳ್ಳಗೆ, ಏನೂ ಅರಿಯದ ಹಾಗೆ ಬಿದ್ದಿತ್ತು. ಹೋಗಿಬರುವವರು ನನ್ನನ್ನು ನೋಡಿ ಮುಸಿಮುಸಿ ನಕ್ಕರು. ಊಟದ ಹೊತ್ತಿಗೆ ನಡುವಿನಿಂದ ಒಂದೆಳೆ ಹೊಗೆ ಎದ್ದಿತು. ಆಮೇಲೆ ಇಡೀ ರಾಶಿ ಹೊತ್ತಿಕೊಂಡು ಬಯಲಿನಲ್ಲಿ ಒಂಟಿಯಾಗಿ ಉರಿಯಿತು. ಒಳಗೆ ಯಂತ್ರದ ಮುಂದೆ ಹೆಂಗಸರು ಕೂತಿದ್ದರು. ನಿಮ್ಮ ಮಗ ಒಮ್ಮೆ ಉರಿಯನ್ನು, ಒಮ್ಮೆ ಆ ಹೆಂಗಸರನ್ನು ನೋಡಿದರು. ಸಂಜೆ ಬಡಿಗ ಬಂದಾಗ, ಬಾಗಿಲು ಇದ್ದ ಹಾಗೇ ಇರಲಿ ಎಂದು ಕಳಿಸಿಬಿಟ್ಟರು. ಆ ದಿನ ಅವರು ಊಟ ಮಾಡಲಿಲ್ಲ. ನಾನು ಒತ್ತಾಯಿಸಲೂ ಇಲ್ಲ.

ಈಗ ಆ ಸುದ್ದಿ. ಈ ವರ್ಷ ಹಂಗಾಮಿನ ಪೂಜೆ ಬಾವಿಯ ಕಟ್ಟೆಯ ಮೇಲಾಯಿತು, ಹತ್ತಿಯ ಬುಟ್ಟಿಗೆ ಹೂವು ಏರಿಸಿದವರು ಅತ್ತೆಯವರೇ. ಗೇಟಿನ ನಿಮ್ಮ ಕುರ್ಚಿಯಲ್ಲಿ ಈಗ ಹುಲಿಗೆವ್ವ ಕೂಡುತ್ತಾಳೆ. ಇವತ್ತು ಬೆಳಿಗ್ಗೆ ನಿಮ್ಮ ಮಗ ಬಂದರು. ಯಜಮಾನ ಬಂದನೆಂದು ಆಕೆ ಗಡಬಡಿಸಿ ಎದ್ದಳು. ಅವರು ಕಡ್ಡಿಪೆಟ್ಟಿಗೆ ತೆಗೆದು ಗೂಡಿನಲ್ಲಿಟ್ಟರು. ಆಮೇಲೆ, ಮಾವನವರೇ, ಹಮಾಲರ ಎದುರಿಗೆ, ನನ್ನ ಎದುರಿಗೆ, ಅಂಗಿಯ ಎರಡೂ ಕಿಸೆಗಳನ್ನು ತಾವೇ ಹೊರಗೆ ಎಳೆದು ಅವಳಿಗೆ ತೋರಿಸುತ್ತ ನಿಂತರು.

"ಕುಂದ್ರವಾ ಹುಲಿಗೆವ್ವ," ಎಂದರು. "ಅಪ್ಪ ನನ್ನ ಕಂಡು ಕುರ್ಚಿ ಬಿಟ್ಟು ಏಳ್ತಿದ್ದಿಲ್ಲ."

ನಿಮ್ಮ ಸೊಸೆ