ಇನ್‌ಕ್ಯುಬೇಟರಿನೊಳಗಿನ ಕುಂಕುಮ

ಮಾನ್ಯ ಇಲಿಗಳೇ, ಗಣ್ಯ ಸೀಸೆಗಳೇ, ಪುಣ್ಯಲೋಕ ಸೇರಿದ ಭರಮಕ್ಕನವರೇ,

ಭರಮಕ್ಕಾ, ನೀವು ಈ ಲ್ಯಾಬಿನಲ್ಲಿ ಇಲಿಯಿಂದ ತೆಗೆದು, ಎಂಟು ತಿಂಗಳು ಆರಿಸಿ ಬೆಳೆಸಿದ ಜೀವಕೋಶಗಳು ಇಂದು ಸತ್ತವು. ಒಂದೇ ಕೋಶದ ಆ ಸಂತಾನ ಒಂದೇ ಬಗೆಯ ಪ್ರತಿಕಾಯ ಕೊಡುತ್ತಿತ್ತು. ಅದನ್ನು ಮಾಡಿಸಿಕೊಂಡ ಸಂಶೋಧಕರು ನಾಳೆ ನಮ್ಮ ಹೊಸಪೇಟೆಯ ಲ್ಯಾಬಿಗೆ ಬರುತ್ತಾರೆ; ಪ್ರಾಸ ಕಟ್ಟಿದ ಸ್ವಾಗತ ಭಾಷಣ ಎಂದಿನಂತೆ ನನ್ನದೇ. ಮತ್ತೆ ಬೆಳೆಸೋಣವೆಂದರೆ ಬಿತ್ತನೆಗೆ ಒಂದು ಸೀಸೆ ಕೋಶವೂ ಉಳಿದಿಲ್ಲ. ಆಯುಧಪೂಜೆಯ ದಿನ ಯಾರೋ ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ತೆರೆದು ಒಳಗೂ ಕುಂಕುಮ ಹಚ್ಚಿದ್ದರು. ಈಗ ತಟ್ಟೆ ತುಂಬ ಬೂಷ್ಟು.

"ಯಾಂವಲೇ ಬಾಗ್ಲಾ ತಗದಾಂವ?" ಎಂದು ಸಾಹೇಬರು ಜವಾನ ಹುಲುಗಪ್ಪನ ಮೇಲೆ ಎಗರಿದರು.

"ನಾ ಹೊರಗ ಕುಂಬಳಕಾಯಿ ಒಡದೀನ್ರಿ, ಅಷ್ಟ. ಕೆಲ್ಸದಿಂದ ತಗೀಬ್ಯಾಡ್ರಿ."

ತೆಗೆದರು. ಪಕ್ಕದಲ್ಲೇ ನಿಂತಿದ್ದ ನಾನು ಬೂಷ್ಟು ಹಿಡಿದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದೆ.

ಅಕ್ಕಾ, ಕುಂಕುಮ ಹಚ್ಚಿದ್ದು ನಾನು. ನೀವಿಲ್ಲವೆಂದು ನಿಮ್ಮ ಕೋಶಗಳಿಗೆ ಪೂಜೆ ತಪ್ಪಬಾರದು ಅನಿಸಿತು. ಇದನ್ನು ಹೇಳಲೆಂದು ಸಾಹೇಬರ ಬಾಗಿಲವರೆಗೆ ಎರಡು ಸಲ ಹೋಗಿ ತಿರುಗಿ ಬಂದೆ.